ಎಡಗಡೆಯ ಸ್ಪೀಕರ್

ಅಪ್ಪ,

ನಿಮ್ಮ ತಿಥಿ ಮುಗಿಸಿ ಬರುವಾಗ ನಿಮ್ಮ ರೆಕಾರ್ಡ್ ಪ್ಲೇಯರನ್ನು ಶನಿವಾರಸಂತೆಯ ನಮ್ಮ ಮನೆಗೆ ತಂದಿದ್ದೆ. ಇವತ್ತು ಜೋಡಿಸಿದರೆ ಎಡಗಡೆಯ ಸ್ಪೀಕರಿನಲ್ಲಿ ಸದ್ದೇ ಇಲ್ಲ. ಸ್ಪೀಕರುಗಳನ್ನು ಅದಲುಬದಲು ಮಾಡಿ ನೋಡಿದೆವು, ಬಗ್ಗಿ ಬಗ್ಗಿ ಸೊಂಟ ಬಿದ್ದುಹೋಯಿತು. ಕೊನೆಗೆ ನಿಮ್ಮ ಅಳಿಯ ಮುಳ್ಳು ಕೂರುವ ಕಾರ್ಟ್ರಿಜ್ ಬಿಚ್ಚಿ, "ಎಡಗಡೆ ವೈರು ಸಿಕ್ಕಿಸೇ ಇಲ್ಲ ಕಣೆ. ಇದನ್ನ ಮಾವನೇ ಹಾಕಿದ್ದಲ್ವಾ? ಇಷ್ಟು ವರ್ಷ ಒಂದೇ ಕಡೆಯಿಂದ ಕೇಳಿದಾರೆ, ಗೊತ್ತೇ ಆಗಿಲ್ವಾ?" ಎಂದರು.

ಸಿಕ್ಕಿಸಿದ ಕೂಡಲೇ ಎರಡೂ ಹಾಡಿದವು. ಇವರು ಖುಷಿಯಲ್ಲಿ ಕಾಫಿ ಕೇಳಿದರು.

ಎಡಗಿವಿ ಕೇಳಿಸುವುದಿಲ್ಲ ಎಂದು ಯಾಕೆ ಹೇಳಲಿಲ್ಲ, ಅಪ್ಪ? ಫೋನನ್ನು ಸದಾ ಬಲಗಿವಿಗೇ ಹಿಡಿಯುತ್ತಿದ್ದಿರಿ.

ಊಟಕ್ಕೆ ನಾನು ಕೂರುತ್ತಿದ್ದದ್ದು ನಿಮ್ಮ ಎಡಕ್ಕೆ. ಮಾತಾಡಿಸಿದರೆ ನೀವು ತಟ್ಟೆಯಿಂದ ತಲೆ ಎತ್ತುತ್ತಿರಲಿಲ್ಲ. ಆಮೇಲಾಮೇಲೆ ನಾನೂ ಮಾತು ಬಿಟ್ಟೆ.