ಬಾರಿಸಿ ನೋಡಿ ತಂದ ಮಿಷನ್

ಸಿರುಗುಪ್ಪ
ಬುಧವಾರ, ೧೨-೧-೧೯೮೩

ಬಳ್ಳಾರಿ ಕೌಲ್ ಬಜಾರಿನ ಟೈಪ್ ಮಿಷನ್ ಅಂಗಡಿ ರಸೂಲ್ ಸಾಬರಿಗೆ,

ಕ್ಷೇಮ ಆಮ್ಯಾಲ ಕೇಳ್ತೀನಿ. ಮೊನ್ನೆ ನೀವು ಕೊಟ್ಟ ಮಿಷನ್ ತೆಲುಗಿಂದು. ಗಡಿಗಿ ಕೊಳ್ಳೋರಂಗ ಬಾರಿಸಿ ಸಪ್ಪಳ ಕೇಳಿದೆ, ದುಂಡನ್ನ ಅಕ್ಷರ ಕಂಡು ಕನ್ನಡ ಅಂದುಕೊಂಡೆ. ನಾನು ಎರಡನೇ ಕ್ಲಾಸಿಗೇ ಸಾಲಿ ಬಿಟ್ಟಾಕಿ. ನಿಮ್ಮ ಕಣ್ಣಿಗೇನಾಗಿತ್ತು? ಇವತ್ತು ಸೊಸಿ ಸುವರ್ಣ ನೀರಿಗೆ ಹೋದಾಗ ಹಾಳಿ ಹಾಕಿ ಅಕಿ ಹೆಸರು ಹೊಡೆದೆ. ಅಕ್ಷರಕ್ಕೆಲ್ಲ ತೆಲುಗು ತಲಕಟ್ಟು ಬಂತು. ಹಾಳಿ ಒಲಿಗೆ ಹಾಕಿ ಮುಚ್ಚಳ ಮುಚ್ಚಿಟ್ಟೆ.

ಸೋಮವಾರ ಬಳ್ಳಾರಿಯಲ್ಲಿ ಅಕಿಗೆ ಕನ್ನಡ ಟೈಪಿಂಗ್ ಪರೀಕ್ಷೆ ಐತಿ. ಮಿಷನ್ ಅವರವರೇ ಒಯ್ಯಬೇಕು. ಪಾಸಾದರೆ ಕುರುಗೋಡಿನಲ್ಲಿ ನೌಕರಿ. ಇಲ್ಲಾಂದ್ರ ಅಕಿ ಅಣ್ಣಂದಿರು ಕರಕೊಂಡು ಹೋಗಿ ಯಾವನೋ ಮುದುಕನಿಗೆ ಕಟ್ಟತಾರ. ನನ್ನ ಮಗ ಸತ್ತಾನ, ನಾನಿನ್ನೂ ಸತ್ತಿಲ್ಲ.

ಶನಿವಾರ ಮೊದಲನೇ ಬಸ್ಸಿಗೆ ಇದನ್ನ ಹೊತ್ತು ತರ್ತೀನಿ. ಕನ್ನಡದ್ದೊಂದು ತೆಗೆದಿಡ್ರಿ. ಹಳೇದಿರಲಿ, ಬಾಡಿಗಿದಿರಲಿ, ಕಾಲು ಹಿಡಿ ಅಂದ್ರ ಹಿಡೀತೀನಿ.

ಸುವರ್ಣಗ ಇದು ಇನ್ನೂ ಗೊತ್ತಿಲ್ಲ. ಮಿಷನ್ ಪೂಜೆ ಆಗೋತನಕ ಮುಚ್ಚಳ ತೆಗೀಬ್ಯಾಡಂತ ಅಕಿಗೆ ಬೈದು ಕೂಡಿಸೀನಿ. ರೊಟ್ಟಿ ಹಲಿಗಿ ಮ್ಯಾಲೆ ಬೆರಳು ಬಡಿದು ಕಲಿಯಾಕತ್ಯಾಳ. "ಅತ್ತಿ, ನೀವು ಆರಿಸಿದ್ದು ಚಲೋನ ಇರತೈತಿ" ಅಂತಾಳ.

ಆ ಮಾತು ಸುಳ್ಳು ಮಾಡಬ್ಯಾಡ್ರಿ.

ಬೈದದ್ದನ್ನ ಹೊಟ್ಟಿಗೆ ಹಾಕ್ಕೊಳ್ರಿ,
ವೀರಭದ್ರಮ್ಮ