ಹಂದಿ ದರ ಓದುವವನ ಮಾತು

ಫೆಬ್ರವರಿ 1, ಸೋಮವಾರ. ಮಧ್ಯಾಹ್ನ

ಹಂದಿ ಸ್ವಲ್ಪ ಏರಿದೆ. ಮೆಕ್ಕೆಜೋಳ ಇದ್ದಲ್ಲೇ. ಸೋಯಾ ಇಳಿದಿದೆ. ರೇಡಿಯೋದಲ್ಲಿ ಓದಿ ಬಂದೆ. ಗಂಟಲು ಕೆರೆತ. ಪೆಪ್ಪರ್‌ಮಿಂಟ್ ಬಾಯಲ್ಲಿಟ್ಟುಕೊಂಡೇ ಓದಿದ್ದು, ಯಾರಿಗೂ ಗೊತ್ತಾಗಿರಲಾರದು.

ಸಂಜೆ ಶಾಲೆಯ ಊಟದ ಕೋಣೆಯಲ್ಲಿ ಪಾರ್ಟಿ ಸಭೆ. ಅಧ್ಯಕ್ಷರ ಚುನಾವಣೆಗೆ ನಮ್ಮ ಪಾರ್ಟಿಯಿಂದ ಯಾರು ನಿಲ್ಲಬೇಕು ಅಂತ ಇಡೀ ದೇಶಕ್ಕಿಂತ ಮೊದಲು ಹೇಳುವವರು ನಾವು, ಅಯೋವಾದವರು. ಆ ಜಂಬ ಇದ್ದೇ ಇದೆ. ಈ ಸಲವೂ ಸಭೆ ನಡೆಸುವವನು ನಾನೇ. ನನ್ನ ಓಟು, ನಿಂತವರಲ್ಲಿ ಒಬ್ಬರಾದ ಗವರ್ನರ್‌ಗೆ. ಸಭ್ಯ ಮನುಷ್ಯ, ಮಾತು ಕಡಿಮೆ, ಭಾನುವಾರ ಚರ್ಚು ತಪ್ಪಿಸುವವರಲ್ಲ. ವಿಲ್ಮಾಳದೂ ಅವರಿಗೇ. ಮದುವೆಯಾದಾಗಿನಿಂದ ಗಂಡ ಹೆಂಡತಿ ಓಟು ಬೇರೆ ಬೇರೆ ಕಡೆ ಹೋದದ್ದಿಲ್ಲ.

ಅದೇ ದಿನ, ಮಲಗುವ ಮುಂಚೆ

ಏನಾಯಿತು ಅಂತ ನನಗೇ ತಿಳಿಯುತ್ತಿಲ್ಲ.

ಪ್ರತಿ ಅಭ್ಯರ್ಥಿಯ ಪರ ಊರಿನವರೊಬ್ಬರು ಎದ್ದು ಎರಡು ಮಾತಾಡಬೇಕು, ಆಮೇಲೆ ಚೀಟಿ. ಅದು ಪದ್ಧತಿ. ಉಳಿದೆಲ್ಲರ ಪರವಾಗಿಯೂ ಯಾರೋ ಒಬ್ಬರು ಎದ್ದರು. ಡನವೇ ಹೆಸರು ಬಂದಾಗ ಯಾರೂ ಇಲ್ಲ. ಟೀವಿಯಲ್ಲಿ ಕಂಡಕಂಡವರನ್ನು ಬೈದೇ ದೊಡ್ಡವನಾದ ಆಸಾಮಿ. "ಯಾರಾದ್ರೂ ಇದೀರಾ?" ಅಂದೆ. ಎಲ್ಲರೂ ತಂತಮ್ಮ ಬೂಟು ನೋಡಿಕೊಂಡರು. ಅವನ ಆಫೀಸಿನವರು ಬರೆದು ಕಳಿಸಿದ ಭಾಷಣದ ಕಾಗದ ಮೇಜಿನ ಮೇಲಿತ್ತು. ಒಂದೇ ಪಂಕ್ತಿಯಲ್ಲಿ ಕೂತವರಲ್ಲಿ ಒಬ್ಬನಿಗೆ ಬಡಿಸದೆ ಮುಂದೆ ಹೋಗುವುದು ಹೇಗೆ? ನಾನೇ ಓದಿದೆ. ಬರೀ ಓದಿದೆ—ದಿನಾ ಮಧ್ಯಾಹ್ನ ಓದುವ ಹಾಗೆ.

ಚೀಟಿ ಎಣಿಸಿದರೆ ಡನವೇ ಮೊದಲು! ನಮ್ಮ ಗವರ್ನರ್ ಮೂರನೆಯವರು.

ಗೆರಿಟ್ ಬಂದು ಕೈ ಕುಲುಕಿದ. ಪಕ್ಕದ ಹೊಲದವನು, ಹಂದಿ ಸಾಕುತ್ತಾನೆ, ಒಂದನೇ ಕ್ಲಾಸಿನಿಂದ ಜೊತೆ.

"ನಂಗೆ ಅವ್ನನ್ನ ಕಂಡ್ರೆ ಆಗ್ತಿರ್ಲಿಲ್ಲ ಕಣೋ. ನೀನು ಹೇಳಿದ್ಮೇಲೆ ಸರಿ ಅನ್ನಿಸ್ತು."

"ನಾನೆಲ್ಲಿ ಹೇಳ್ದೆ ಮಾರಾಯ? ಓದ್ದೆ ಅಷ್ಟೆ."

"ಹಂದಿ ರೇಟೂ ಓದೋದೇ ಅಲ್ವಾ? ಅದನ್ನ ನಂಬ್ಕೊಂಡೇ ಅಲ್ವಾ ನಾನು ಲಾರಿ ತುಂಬೋದು?"

ವಾಪಸು ಬರುವಾಗ ಗಾಡಿಯಲ್ಲಿ ವಿಲ್ಮಾ ಕೇಳಿದಳು, "ಅದನ್ನ ಓದೋವಾಗ ನಿನ್ನ ಧ್ವನಿ ಹೆಂಗಿತ್ತು ಗೊತ್ತಾ?"

"ಹೆಂಗಿತ್ತು?"

"ಯಾವಾಗ್ಲೂ ಇರೋ ಹಂಗೇ ಇತ್ತು, ಆರ್ಲಿನ್."



ಫೆಬ್ರವರಿ 4

ಡನವೇ ಆಫೀಸಿನಿಂದ ಫೋನು. ಹುಡುಗಿಯೊಬ್ಬಳು. ಬಾಯಿ ತೆರೆದರೆ "ಕ್ಯಾಪ್ಟನ್, ಕ್ಯಾಪ್ಟನ್". ನಾನು ಯಾವ ಹಡಗಿಗೂ ಕ್ಯಾಪ್ಟನ್ ಅಲ್ಲ ತಾಯಿ ಅಂದೆ. ನಕ್ಕಳು. ಊರಿನಲ್ಲಿ ಅವನ ಪ್ರಚಾರ ನೋಡಿಕೊಳ್ಳುವವನಿಗೆ ಹಾಗನ್ನುತ್ತಾರಂತೆ. ಸಂಜೆಗೆ ಅವನ ಹೆಸರಿನ ಬೋರ್ಡುಗಳ ಕಟ್ಟು ಬಂದಿಳಿಯಿತು. ಅಂಗಳದಲ್ಲಿ ನೆಡಬೇಕಂತೆ. ಟ್ರ್ಯಾಕ್ಟರ್ ಶೆಡ್ಡಿನ ಹಿಂದೆ ಟಾರ್ಪಾಲು ಮುಚ್ಚಿಟ್ಟೆ. ವಿಲ್ಮಾ ಕಿಟಕಿಯಿಂದ ನೋಡಿದಳು. ಏನಾದರೂ ಅಂದಿದ್ದರೆ ಚೆನ್ನಾಗಿತ್ತು.

ಮೇ 5

ಗವರ್ನರ್ ಹಿಂದೆ ಸರಿದರು. ಡನವೇ ಎದುರು ಉಳಿದವರಲ್ಲಿ ಅವರೇ ಕೊನೆಯವರು. ಇನ್ನು ಉಳಿದದ್ದು ಡನವೇ ಒಬ್ಬನೇ—ನಮ್ಮ ಅಭ್ಯರ್ಥಿ.

'ನಮ್ಮ' ಅಂತ ಬರೆದೆ. ಹೊಡೆದು ಹಾಕೋಣ ಅನಿಸಿತು. ಹೊಡೆದು ಏನು ಬರೆಯಲಿ?

ಜೂನ್ 19, ಭಾನುವಾರ

ಆರಾಧನೆ ಮುಗಿದು ಕೆಳಗೆ ಕಾಫಿ. ಡನವೇ ಮೊನ್ನೆ ವೇದಿಕೆ ಮೇಲೆ ಎದುರಾಳಿಯ ತಾಯಿಯನ್ನು ಅಣಕಿಸಿದ್ದಾನೆ. ಮಣ್ಣಾಗಿ ವರ್ಷವಾಗದ ಹೆಂಗಸು. ಜನ ಚಪ್ಪಾಳೆ ತಟ್ಟಿದರಂತೆ. ನಮ್ಮವರು ಯಾರೂ ಮೆಚ್ಚಲಿಲ್ಲ, ಆದರೆ ಯಾರೂ ಗಟ್ಟಿಯಾಗಿ ಹೇಳಲಿಲ್ಲ. ಕಪ್ಪಿನೊಳಗೇ ಗೊಣಗಿದರು. ಗೊಣಗಿ, ನನ್ನ ಕಡೆ ನೋಡಿದರು.

ಗೆರಿಟ್ ಅಂದ, "ಬೈಬಲ್‌ನಲ್ಲಿ ನೆಬೂಕದ್ನೆಚ್ಚರನಂಥ ದುಷ್ಟ ರಾಜನ್ನೂ ದೇವ್ರು ಬಳಸ್ಕೊಳ್ಳಲಿಲ್ವಾ?"

ವಿಲ್ಮಾ ಕಪ್ಪು ಕೆಳಗಿಟ್ಟಳು. "ಬಳಸ್ಕೊಂಡ, ಸರಿ. ಅವನಿಗೆ ಓಟು ಹಾಕು ಅಂತ ಯಾರಿಗಾದ್ರೂ ಹೇಳಿದ್ನಾ?"

ನನಗೆ ನಗು ಬಂತು, ನಗಲಿಲ್ಲ. ಎದುರು ಪಾರ್ಟಿಗೆ ಹಾಕೋಣ ಅಂದರೆ ಕೈ ಏಳುವುದಿಲ್ಲ. ಗರ್ಭಪಾತದ, ಹುಟ್ಟದ ಮಕ್ಕಳ ಪ್ರಶ್ನೆ ಇದೆ, ನ್ಯಾಯಾಧೀಶರನ್ನು ನೇಮಿಸುವ ಪ್ರಶ್ನೆ ಇದೆ. ಅಪ್ಪ ಗೋರಿಯಿಂದ ಎದ್ದು ಬಂದು ಕೇಳಿದರೆ ಏನು ಹೇಳಲಿ? ಅತ್ತ ದರಿ, ಇತ್ತ ಹುಲಿ. ಹುಲಿಯ ಪರವಾಗಿ ಭಾಷಣ ಓದಿದವನು ನಾನೇ.

ಸೆಪ್ಟೆಂಬರ್ 3

ಬಹಳ ದಿನ ಬರೆಯಲಿಲ್ಲ. ಬರೆಯುವುದು ಇತ್ತು.

ಗೆರಿಟ್ ಬಂದು ಟಾರ್ಪಾಲಿನಡಿಯ ಬೋರ್ಡುಗಳನ್ನು ಒಯ್ದ. ಈಗ ನಮ್ಮ ರಸ್ತೆಯುದ್ದಕ್ಕೂ ಡನವೇ. ನಮ್ಮ ಅಂಗಳ ಒಂದೇ ಖಾಲಿ. ಅದನ್ನೂ ಜನ ಅರ್ಥ ಮಾಡಿಕೊಂಡಿದ್ದಾರಂತೆ—"ಆರ್ಲಿನ್ ರೇಡಿಯೋದವ್ನು, ಬೋರ್ಡು ಹಾಕೋ ಹಂಗಿಲ್ಲ."

ಊಟವಾದ ಮೇಲೆ ಬೈಬಲ್ ಓದಿ ಪ್ರಾರ್ಥನೆ ಮಾಡಿದೆ. ಆಳುವವರಿಗಾಗಿ, ಆಳಲಿರುವವರಿಗಾಗಿ... ಅಲ್ಲಿಗೆ ಬಂದು ನಿಂತುಬಿಟ್ಟೆ. ಕಣ್ಣು ಬಿಟ್ಟರೆ ವಿಲ್ಮಾ ಕಣ್ಣು ಬಿಟ್ಟುಕೊಂಡೇ ಕೂತಿದ್ದಳು. ಆಮೆನ್ ಇಬ್ಬರೂ ಹೇಳಲಿಲ್ಲ. ತಟ್ಟೆ ಎತ್ತಿದಳು. ಭಯವಾಯಿತು ನನಗೆ. ಈ ಮನೆಯಲ್ಲಿ ಆಮೆನ್ ಇಲ್ಲದೆ ತಟ್ಟೆ ಎತ್ತಿದ್ದಿಲ್ಲ.

ಅಕ್ಟೋಬರ್ 16, ಭಾನುವಾರ

ವಿಲ್ಮಾ ಕೊನೆಗೂ ಬಾಯಿಬಿಟ್ಟಳು.

"ನಾವಿಬ್ರೂ ಓಟಿನ ಚೀಟಿಲಿ ಆ ಮೊದಲ್ನೇ ಸಾಲು, ಅಧ್ಯಕ್ಷರದ್ದು, ಖಾಲಿ ಬಿಡೋಣ. ಕೆಳಗಿನೋರಿಗೆ ಹಾಕೋಣ. ಅವನಿಗೆ ಬೇಡ, ಆ ಪಾರ್ಟಿಗೂ ಬೇಡ."

"ಖಾಲಿ ಬಿಟ್ರೆ ಆ ಕಡೆಯೋರಿಗೇ ಲಾಭ ಅಂತಾರೆ."

"ಅನ್ಲಿ. ಇನ್ನೊಂದು. ಅದು ನಿನ್ನ ಮಾತಲ್ಲ ಅಂತ ಜನಕ್ಕೆ ಹೇಳು. ನಿನ್ನ ಧ್ವನಿ ನಂಬಿ ನಾನು ಮದ್ವೆ ಆದೋಳು. ಅದನ್ನ ಅವ್ನಿಗೆ ಬಿಟ್ಕೊಡಬೇಡ."

ಸರಿ ಅಂದೆ. ಎರಡಕ್ಕೂ. ಅಂದ ಮೇಲೆ ಹಗುರವಾಯಿತು. ಆಮೇಲೆ ಮತ್ತೆ ಗೊಂದಲ. ಓದಿದ್ದು ತಪ್ಪೋ, ಓದಿದ ಮೇಲೆ ಇಷ್ಟು ದಿನ ಸುಮ್ಮನಿದ್ದದ್ದು ತಪ್ಪೋ?

ನವೆಂಬರ್ 7, ಸೋಮವಾರ

ಹೇಳಿದೆ. ರೇಡಿಯೋದಲ್ಲೇ.

ಹಂದಿ, ಮೆಕ್ಕೆಜೋಳ, ಸೋಯಾ ಆದ ಮೇಲೆ ಮೈಕು ಮುಚ್ಚಲಿಲ್ಲ. ಫೆಬ್ರವರಿಯಲ್ಲಿ ಶಾಲೆಯಲ್ಲಿ ನಾನು ಓದಿದ್ದು ಬೇರೆಯವರ ಬರಹ, ನನ್ನ ಮಾತಲ್ಲ, ಆಗಲೂ ನಂಬಿರಲಿಲ್ಲ, ಈಗಲೂ ನಂಬುವುದಿಲ್ಲ ಅಂದೆ. ಕೈಯಲ್ಲಿ ಕಾಗದ ಇರಲಿಲ್ಲ. ಧ್ವನಿ ನಡುಗೀತು ಅಂದುಕೊಂಡಿದ್ದೆ, ನಡುಗಲಿಲ್ಲ. ಸ್ಟೇಷನ್ನಿನ ಮ್ಯಾನೇಜರ್ ಮುಖ ಕೆಂಪಾಗಿತ್ತು. ನಾಳೆ ಬರಬೇಡ ಅಂದ. ನಾಡಿದ್ದಿನ ವಿಷಯ ಹೇಳಲಿಲ್ಲ.

ಮನೆಗೆ ಬಂದರೆ ವಿಲ್ಮಾ ಅಡುಗೆಮನೆಯ ರೇಡಿಯೋ ಮುಂದೆ ಅಳುತ್ತಿದ್ದಳು, ಸಂತೋಷಕ್ಕೆ. ಬಟಾಣಿ ಸೂಪು ಸೀದು ಹೋಗಿತ್ತು. ಅದನ್ನೇ ತಿಂದೆವು. ಇಬ್ಬರೂ ಆಮೆನ್ ಅಂದೆವು.

ಸಂಜೆ ಗೆರಿಟ್ ಫೋನು ಮಾಡಿದ.

"ಕೇಳ್ದೆ ಕಣೋ. ಚೆನ್ನಾಗಿ ಓದ್ದೆ."

"ಓದಿದ್ದಲ್ಲ ಗೆರಿಟ್. ನಾನೇ ಹೇಳಿದ್ದು."

"ಇರ್ಲಿ ಬಿಡೋ, ನನ್ನ ಹತ್ರ ಏನು? ಯಾರು ಬರ್ಕೊಟ್ಟಿದ್ದು, ವಿಲ್ಮಾನಾ?"

ನವೆಂಬರ್ 8, ಮಂಗಳವಾರ

ಇಂದು ದರ ಓದಲಿಲ್ಲ. ಇನ್ಯಾರೋ ಓದಿದ, ತಡವರಿಸಿ. ಹಂದಿ ಇಳಿದಿದೆಯಂತೆ.

ಚರ್ಚಿನ ನೆಲಮಾಳಿಗೆಯಲ್ಲಿ ಮತದಾನ. ವಿಲ್ಮಾ ಮೊದಲು ಹಾಕಿ ಗಾಡಿಯಲ್ಲಿ ಹೋಗಿ ಕೂತಳು. ನಾನು ಕೆಳಗಿನಿಂದ ಶುರು ಮಾಡಿದೆ. ಶೆರಿಫ್, ಸೆನೆಟರ್, ಎಲ್ಲಾ ನಮ್ಮವರೇ. ಕೊನೆಗೆ ಮೇಲಿನ ಸಾಲು. ಡನವೇ ಹೆಸರಿನ ಪಕ್ಕ, ಪೆನ್ನಿನಿಂದ ಮಸಿ ತುಂಬಬೇಕಾದ ಖಾಲಿ ಸೊನ್ನೆ. ಬಿಡಬೇಕು, ಅಷ್ಟೇ. ಏನೂ ಮಾಡಬೇಕಾಗಿರಲಿಲ್ಲ. ಪಕ್ಕದ ಬೂತಿನಲ್ಲಿ ಗೆರಿಟ್ ಕೆಮ್ಮಿದ. ಅಪ್ಪ ನೆನಪಾದ. ಆ ಕಡೆಯವರು ಗೆದ್ದರೆ, ಅನಿಸಿತು. ಖಾಲಿ ಸೊನ್ನೆ ನೋಡುತ್ತಲೇ ಇದ್ದೆ. ಇಷ್ಟು ವರ್ಷ ನಮ್ಮ ಪಾರ್ಟಿಯ ಸಾಲು ಖಾಲಿ ಬಿಟ್ಟವನಲ್ಲ ನಾನು.

ಹೊರಗೆ ಬಂದು ಗಾಡಿ ಹತ್ತಿದೆ. ವಿಲ್ಮಾ ನನ್ನ ಕೈ ಹಿಡಿದುಕೊಂಡಳು.

"ಬಿಟ್ಯಾ?"

"ಬಿಟ್ಟೆ."

ಮಧ್ಯಾಹ್ನ ಓದುವ ಧ್ವನಿಯಲ್ಲೇ ಬಂತು. ಒಂದಿಷ್ಟೂ ನಡುಗಲಿಲ್ಲ. ನಂಬಿದಳು. ಮನೆಯವರೆಗೂ ಆ ಕೈ ಬಿಡಲೇ ಇಲ್ಲ. ಬೆರಳ ತುದಿಯಲ್ಲಿ ಇನ್ನೂ ಹಸಿಯಾಗಿದ್ದ ಆ ಮೇಲಿನ ಸಾಲಿನ ಮಸಿ ಅವಳಿಗೂ ಅಂಟಿತು.