ಏಡಿಗೆ ನನ್ನ ಹೆಸರು ಬೇಡ

ಪಯ್ಯನ್ನೂರು
ಜನವರಿ 12

ಸಭಾಧ್ಯಕ್ಷರೇ, ಸಾಧಕರೇ, ಸಾಧಕರ ಹಿಂದೆ ನಿಂತು ಫೋಟೋ ತೆಗೆಸಿಕೊಂಡವರೇ, ಮತ್ತು ಪೆನಾಂಗಿನಲ್ಲಿ ಕೂತಿರುವ ನನ್ನ ಹಾಸ್ಟೆಲಿನ ಅಕ್ಕ, ಪ್ರೀತಿಯ ವಿಲಾಸಿನಿ ಚೇಚಿಯವರೇ,

ಸಲಾಂ. ಓಣಂಗೆ ನೀವು ಬರೆದ ಪತ್ರಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ, ಕ್ಷಮಿಸಿ. ಮೊದಲು ಕೆಸರಾಟ, ಆಮೇಲೆ ಕೊಸರಾಟ.

ನಮ್ಮ ವಿಭಾಗದ ಹಳೆಯ ವಿದ್ಯಾರ್ಥಿಗಳ ವಾರ್ತಾಪತ್ರಕ್ಕೆ ಸುದ್ದಿ ಬರೆಯುವ ಕೆಲಸ ಈ ಸಲವೂ ನನ್ನದೇ. ಒಬ್ಬರಿಗೆ ಪದಕ, ಒಬ್ಬರಿಗೆ ಪದವಿ, ಉಳಿದವರಿಗೆ ಪದಪುಂಜ. ಒಂದು ತಲೆಬರಹವನ್ನು ಮಾತ್ರ ನನ್ನ ಗೈಡ್ ಪೊದುವಾಳ್ ಸಾರೇ ಕೊಟ್ಟರು: "ಸಂಶೋಧನಾ ವಿದ್ಯಾರ್ಥಿನಿಗೆ ಅಪೂರ್ವ ಗೌರವ." ಆ ವಿದ್ಯಾರ್ಥಿನಿ ನಾನೇ, ನಲವತ್ತೈದರ ಸೀನತ್. ಕವ್ವಾಯಿ ಹಿನ್ನೀರಿನ ಕೆಸರಿನಲ್ಲಿ ನಾನು ಹಿಡಿದ ಏಡಿ ಹೊಸ ಜಾತಿಯದು. ಅದಕ್ಕೆ ನನ್ನ ಹೆಸರಿಡುತ್ತಾರಂತೆ.

ಉಮ್ಮ ಬಿದ್ದು ಬಿದ್ದು ನಕ್ಕಳು. "ನಾಳೆ ಮಾರ್ಕೆಟ್ಟಲ್ಲಿ 'ಸೀನತ್ ಕಿಲೋಗೆ ಎಷ್ಟು' ಅಂತ ಕೇಳ್ತಾರಲ್ಲೇ!"

ನಾನೂ ನಕ್ಕೆ, ಸಾರ್ ಚಹಾಕ್ಕೆ ಕರೆಯುವವರೆಗೆ. ತಾನು ವಿವರಿಸಿದ ಜೀವಿಗೆ ತನ್ನದೇ ಹೆಸರಿಟ್ಟುಕೊಳ್ಳುವುದು ನಮ್ಮ ಜೀವಶಾಸ್ತ್ರದವರಲ್ಲಿ ನಾಚಿಕೆಗೇಡು, ನಿಮಗೆ ಗೊತ್ತಲ್ಲ. "ನೋಡು ಮಗಳೇ, ಏಡಿಗೆ ನಿನ್ನ ಹೆಸರು ಬಂತು. ಅದನ್ನ ವಿವರಿಸೋ ಲೇಖನದ ಲೇಖಕರ ಸಾಲಲ್ಲೂ ನೀನೇ ಇದ್ರೆ ಜನ ನಗ್ತಾರೆ. ಅದಕ್ಕೇ ಅಲ್ಲಿಂದ ತೆಗ್ದಿದ್ದೀನಿ. ಲೇಖನ ಕಳಿಸಿಯೂ ಆಯ್ತು."

"ಹಾಗಾದ್ರೆ ಏಡಿಗೆ ನಿಮ್ಮ ಹೆಸರಿಡಿ ಸಾರ್. ಸಾಲಿಂದ ನೀವು ಇಳೀರಿ."

ಗ್ಲಾಸು ಅವರ ತುಟಿಯ ಹತ್ತಿರವೇ ನಿಂತಿತು. "ಶಾಶ್ವತ ಗೌರವ ಅದು, ಹುಚ್ಚಿ!"

"ಶಾಶ್ವತ ಏಡಿಗೆ. ನನ್ನ ಹೆಸರಲ್ಲಿ ಲೇಖನ ಇಲ್ದಿದ್ರೆ ನಂಗೆ ಡಾಕ್ಟರೇಟೇ ಇಲ್ವಲ್ಲ ಸಾರ್."

ಜಾತಿ ಗುರುತಿಸಲು ನೋಡುವ, ಗಂಡೇಡಿಯ ಹೊಟ್ಟೆಯಡಿಯ ಕಡ್ಡಿ ಇದರಲ್ಲಿ ಹೊರಕ್ಕೆ ಬಾಗಿದೆ ಎಂದು ಮೊದಲು ಕಂಡವಳು ನಾನು, ಚಿತ್ರ ಬರೆದವಳೂ ನಾನು. ಏಡಿಗೆ ಬಿರುದು, ಹಿಡಿದವಳು ಬರಿದು, ಇದಾಗದು. ಪತ್ರಿಕೆಯ ಸಂಪಾದಕರಿಗೆ ಬರೆದೆ, ಲೇಖನ ತಡೆಹಿಡಿದಿದ್ದಾರೆ. ವಾರ್ತಾಪತ್ರದ ತಲೆಬರಹವನ್ನೂ ತಿದ್ದಿದೆ: "ಏಡಿ ಕಂಡುಹಿಡಿದ ಸೀನತ್‌ರಿಂದ ಗೌರವ ನಿರಾಕರಣೆ." ಅಚ್ಚಾಗಿದೆ. ಈಗ ಕ್ಯಾಂಟೀನಿನಲ್ಲಿ ನನ್ನ ಮೇಜಿಗೆ ಯಾರೂ ಬರುವುದಿಲ್ಲ. ಮರಗೆಣಸು, ಮೀನುಸಾರು ಹಂಚಿಕೊಳ್ಳುವ ಕಾಟವೇ ಇಲ್ಲ. ಪೂರ್ತಿ ನಾನೇ ತಿನ್ನುತ್ತೇನೆ.

ಉಮ್ಮ ನಿಮ್ಮನ್ನು ಕೇಳಿದಳು. ಸೃಷ್ಟಿಸಿದವನು ನಿಮ್ಮನ್ನು ಸುಖವಾಗಿಡಲಿ.

ನಿಮ್ಮ,
ಸೀನತ್

ಮರೆತಿದ್ದು: ಚೇಚಿ, ಪ್ರಾಸ ಸಾಕು. ಸಂಪಾದಕರು ಕಳಿಸಿದ ಲೇಖನದ ಪ್ರತಿಯಲ್ಲಿ, ನನ್ನ ಹೆಸರಿದ್ದ ಜಾಗದಲ್ಲಿ ಆ ಏಡಿಯನ್ನು ಕಣ್ಣಲ್ಲೂ ಕಾಣದ ನಿಮ್ಮ ಹೆಸರಿದೆ. ಕೆಳಗೆ ನಿಮ್ಮದೇ ಒಪ್ಪಿಗೆಯ ಸಹಿ. ಹಾಸ್ಟೆಲಿನಲ್ಲಿ ಒಂದೇ ತಟ್ಟೆಯಲ್ಲಿ ಉಂಡವರು ನಾವು. ನನ್ನ ದೂರಿನಲ್ಲಿ ಸಾರ್ ಹೆಸರಿನ ಪಕ್ಕ ನಿಮ್ಮ ಹೆಸರನ್ನೂ ಬರೆದಿದ್ದೇನೆ, ವಾಪಸು ಪಡೆಯುವುದಿಲ್ಲ. ಸಾರ್ ಮೇಲೆ ಸಿಟ್ಟು ಬಂದಿತ್ತು. ನಿಮ್ಮ ಹೆಸರು ಬರೆಯುವಾಗ ಅತ್ತುಬಿಟ್ಟೆ.